ಓಣಿಗೆ ತೊಟ್ಟಿಲು ಕಟ್ಟಿದ್ದು

ನಮ್ಮ ಮನೆಯ ಪಡುವಣ ಗೋಡೆ ನಮ್ಮದಾಗಿರಲಿಲ್ಲ. ಕಾಗದಪತ್ರದಲ್ಲಿ ಅದು ಅಪ್ಪನದು, ವರ್ಷಕ್ಕೊಮ್ಮೆ ಸುಣ್ಣ ಹಚ್ಚುವವಳು ಅವ್ವ, ಆದರೆ ಅದನ್ನು ಬಳಸುತ್ತಿದ್ದವರು ಓಣಿಯ ಮಂದಿ. ಬೆಳಗಾವಿಯ ಹಳೆಯ ಊರಿನಲ್ಲಿ, ರವಿವಾರ ಪೇಟೆಯ ಸಗಟು ಅಂಗಡಿಗಳ ಬೆನ್ನಿಗೆ, ಎರಡು ಸಾಲು ಮನೆಗಳ ನಡುವೆ ನುಸುಳುವ ಇಕ್ಕಟ್ಟಾದ ಓಣಿ ನಮ್ಮದು. ಇಂಥದಕ್ಕೆ ನಮ್ಮಲ್ಲಿ ಬೋಳ ಎನ್ನುತ್ತಾರೆ. ಬೋಳದ ಬಾಯಲ್ಲೇ ನಮ್ಮ ಮನೆ. ಹೀಗಾಗಿ ಆ ಗೋಡೆಗೆ ಸೈಕಲ್ಲುಗಳು ಒರಗುತ್ತಿದ್ದವು, ಸರ್ಕಸ್ಸಿನ ಹುಲಿ ಅಂಟುತ್ತಿತ್ತು, ಚುನಾವಣೆ ಬಂದರೆ ಕೈಮುಗಿದ ಮುಖಗಳು ಹುಲಿಯ ಮೇಲೆ ಕೂರುತ್ತಿದ್ದವು, ಹುಡುಗರು ಇದ್ದಿಲಿನಿಂದ ಮೂರು ಗೆರೆ ಎಳೆದರೆ ಅದೇ ಸ್ಟಂಪು. ನಾವು ಒಳಗೆ ಊಟಕ್ಕೆ ಕುಳಿತಾಗ ಚೆಂಡು ಗೋಡೆಗೆ ಬಡಿದ ಸದ್ದಿಗೆ ಅವ್ವ ತಲೆ ಎತ್ತದೆಯೇ ಔಟ್ ಎನ್ನುತ್ತಿದ್ದಳು. ಗೋಡೆಗೆ ತಿಳಿನೀಲಿ ಸುಣ್ಣ ಇತ್ತೆಂದು ನನ್ನ ನೆನಪು. ಬಿಳಿ ಎಂದು ನನ್ನ ತಮ್ಮ ಫೋನಿನಲ್ಲಿ ಜಗಳಕ್ಕೇ ಬಂದ. ನಾನು ದಿನಚರಿ ಬರೆಯಲು ಹಿಡಿದದ್ದು ಧಾರವಾಡದಲ್ಲಿ ಓದುವಾಗ. ಅದಕ್ಕೂ ಹಿಂದಿನದಕ್ಕೆಲ್ಲ ನನ್ನ ಬಳಿ ಸಾಕ್ಷಿಯಿಲ್ಲ. ಆದ್ದರಿಂದ ಬಣ್ಣವನ್ನು ಅವನಿಗೇ ಬಿಟ್ಟುಕೊಡುತ್ತೇನೆ. ಆ ಗೋಡೆಯ ಮೇಲೆ ಒಂದು ಹಲಗೆ ಏರಿದ ದಿನವನ್ನು ಮಾತ್ರ ಬಿಟ್ಟುಕೊಡಲಾರೆ.

ಅಲ್ಲಿಯವರೆಗೆ ನಮ್ಮ ಓಣಿಗೆ ಯಾರೂ ಹೆಸರಿಟ್ಟಿರಲಿಲ್ಲ, ಆದರೂ ಹೆಸರಿತ್ತು. ಕನ್ನಡ ಮಾತಾಡುವವರು ಕುರಿ ಬೋಳ ಎನ್ನುತ್ತಿದ್ದರು, ಮರಾಠಿಯವರು ಮೆಂಢ್ಯಾಂಚಾ ಬೋಳ ಎನ್ನುತ್ತಿದ್ದರು. ಊರಿನಲ್ಲಿ ಎರಡು ಭಾಷೆಯವರು ಅಂಗಡಿಯ ಫಲಕದಿಂದ ಹಿಡಿದು ಬಸ್ಸಿನ ಹಣೆಯವರೆಗೆ ಎಲ್ಲದಕ್ಕೂ ಕಿತ್ತಾಡುವ ಕಾಲದಲ್ಲಿ ಕುರಿಯ ವಿಷಯದಲ್ಲಿ ಮಾತ್ರ ಒಂದೇ ಮಾತು. ಆ ಕುರಿಗಳು ನಮ್ಮ ಅತ್ತಿಯವು. ಅಪ್ಪನ ಅಕ್ಕ, ನಾಗವ್ವತ್ತಿ. ಅಪ್ಪ ಇನ್ನೂ ಕೂಸಾಗಿದ್ದಾಗ ಅವರ ತಾಯಿ ತೀರಿಕೊಂಡಿದ್ದರು. ಅತ್ತಿ ದೇಸೂರಿನ ಬಯಲಿನಲ್ಲಿ ಮೇಯಿಸಿದ ಕುರಿಗಳನ್ನು ಸಂತೆಯ ಹಿಂದಿನ ದಿನ ಬೆಳಗಾವಿಗೆ ಹೊಡೆದುಕೊಂಡು ಬಂದು, ಈ ಓಣಿಯ ಎರಡೂ ತುದಿಗೆ ಗಳ ಅಡ್ಡ ಕಟ್ಟಿ ಕೂಡುತ್ತಿದ್ದಳಂತೆ. ಕಂಬಳಿಯ ಜೋಳಿಗೆಯಲ್ಲಿ ಬೆನ್ನಿಗೆ ಅಪ್ಪ. ಹಾಗೆ ಸಾಕಿದಳು, ಹಾಗೆಯೇ ಓದಿಸಿದಳು. ಅಪ್ಪನಿಗೆ ಕಚೇರಿಯಲ್ಲಿ ಕೆಲಸ ಸಿಕ್ಕ ಮೇಲೆ ಕುರಿಗಳನ್ನು ಮಾರಿ, ತಡವಾಗಿ ಮದುವೆಯಾಗಿ ಖಾನಾಪುರಕ್ಕೆ ಹೋದಳು. ಕುರಿಗಳು ಹೋದವು, ಓಣಿಯ ಹೆಸರು ಅಲ್ಲೇ ನಿಂತಿತು. ಅತ್ತಿ ಪಂಚಮಿಗೆ ತವರಿಗೆ ಬಂದಾಗ ಟಾಂಗಾದಿಂದ ಇಳಿದು ಮೊದಲು ಕೇಳುತ್ತಿದ್ದ ಮಾತು, "ಏನವಾ, ಹೆಂಗೈತಿ ನನ್ನ ಬೋಳ?" ನಮ್ಮನ್ನು ವಿಚಾರಿಸುತ್ತಿದ್ದುದು ಆಮೇಲೆ.

ಅಪ್ಪನಿಗೆ ಆ ಹೆಸರು ಮೈಮೇಲಿನ ಉಣ್ಣೆಯಂತೆ ಚುಚ್ಚುತ್ತಿತ್ತು. ಎಲ್ಲಿರುತ್ತೀರಿ ಎಂದು ಕಚೇರಿಯಲ್ಲಿ ಹೊಸಬರು ಕೇಳಿದರೆ ಅವನು ಬಾಯಿ ತೆರೆಯುವ ಮೊದಲೇ ಹೆಡ್ ಕ್ಲಾರ್ಕು "ಬ್ಯಾ" ಎಂದು ಕೂಗುತ್ತಿದ್ದರಂತೆ. ಅಪ್ಪ ಇದನ್ನು ನಗುತ್ತಲೇ ಹೇಳುತ್ತಿದ್ದ, ಆದರೆ ಹೇಳಿದ ದಿನ ಎರಡನೆಯ ಸಲ ಬಡಿಸಿಕೊಳ್ಳುತ್ತಿರಲಿಲ್ಲ. ಅವನ ಪ್ರೀತಿಯೆಲ್ಲ ದೇಶದ ಮೇಲೆ. ಜನವರಿಯ ಝಂಡಾ ದಿನ ರೇಡಿಯೋದಲ್ಲಿ ರಾಷ್ಟ್ರಗೀತೆ ಬಂದರೆ ಅಡುಗೆಮನೆಯಲ್ಲೇ ನಾವೆಲ್ಲ ಎದ್ದು ನಿಲ್ಲಬೇಕು. ಬಾಯಲ್ಲಿದ್ದ ತುತ್ತು ಅಗಿಯುವಂತಿಲ್ಲ. ಒಲೆಯ ಮೇಲಿನ ರೊಟ್ಟಿ ಹೊತ್ತುತ್ತಿದ್ದರೂ ಅವ್ವ ಕೈ ಕೆಳಗಿಟ್ಟು ನೆಟ್ಟಗೆ ನಿಂತು, ಕಣ್ಣಲ್ಲೇ ರೊಟ್ಟಿಯನ್ನೂ ಅಪ್ಪನನ್ನೂ ನೋಡುತ್ತಿದ್ದಳು. ನನ್ನ ಮಟ್ಟಿಗೆ ದೇಶವೆಂದರೆ ಬಹಳ ವರ್ಷ ಸೀದ ರೊಟ್ಟಿಯ ವಾಸನೆಯೇ ಆಗಿತ್ತು. ನಾನದನ್ನು ಪ್ರೀತಿಸುತ್ತಿದ್ದೆ. ಮುಂದೆ ವಿಶ್ವವಿದ್ಯಾಲಯದಲ್ಲಿ ರಾಷ್ಟ್ರವೆಂಬುದು ಹೇಗೆ ಕಟ್ಟಲ್ಪಡುತ್ತದೆ ಎಂದು ಓದುವಾಗ, ಕಟ್ಟುವವರ ಪೈಕಿ ಅವ್ವನೂ ಇದ್ದಳಲ್ಲ ಎನಿಸಿ ನಗು ಬರುತ್ತಿತ್ತು.

ಹೆಸರಿಲ್ಲದ ಓಣಿಗಳಿಗೆಲ್ಲ ಮುಂದಿನ ಝಂಡಾ ದಿನ ಹೆಸರಿನ ಹಲಗೆ ಹಾಕುವುದೆಂದು ಒಂದು ಮಳೆಗಾಲ ಮುನ್ಸಿಪಾಲ್ಟಿಯಿಂದ ಸುದ್ದಿ ಬಂತು. ಓಣಿಯವರೇ ಕೂಡಿ ಹೆಸರು ಸೂಚಿಸಬೇಕು. ಓಣಿಯ ಬಾಯಲ್ಲಿ ಇದ್ದುದರಿಂದ ಹಲಗೆ ನಮ್ಮ ಗೋಡೆಗೇ. ಹೀಗಾಗಿ ಸಭೆ ನಮ್ಮ ಕಟ್ಟೆಯ ಮೇಲೆಯೇ. ಸೈಕಲ್ ರಿಪೇರಿ ಅಂಗಡಿಯ ತಾನಾಜಿ ಕಾಕಾ ಮರಾಠಿ ಮನೆಗಳ ಪರವಾಗಿ, ನಿವೃತ್ತರಾಗಿದ್ದ ಮಲ್ಲಪ್ಪ ಮಾಸ್ತರರು ಕನ್ನಡ ಮನೆಗಳ ಪರವಾಗಿ. ಇಬ್ಬರೂ ಎದುರುಬದುರು ಮನೆಯವರು, ದಿನಾ ಒಂದೇ ಪೇಪರನ್ನು ಹಂಚಿಕೊಂಡು ಓದುವವರು. ಅಂದು ಸಂಜೆ ಇಬ್ಬರೂ ಕುದುರೆ ಏರಿ ಬಂದಿದ್ದರು.

"ನಮ್ಮ ರಾಜರ ಹೆಸರ ಇಡ್ರಿ," ಎಂದ ತಾನಾಜಿ ಕಾಕಾ. "ಕುದರಿ ಮ್ಯಾಲ ಕುಂತಾರ, ಕೈಯಾಗ ಕತ್ತಿ ಐತಿ. ಮತ್ತೇನ ಬೇಕರೀ?"

"ನಮ್ಮ ರಾಣಿನೂ ಕುದರಿ ಮ್ಯಾಲನ ಕುಂತಾಳ. ಆಕಿ ಕೈಯಾಗೇನ ಸೌಟ ಐತೇನು?" ಎಂದರು ಮಾಸ್ತರರು.

"ಎರಡ ಕುದರಿ ಈ ಬೋಳದಾಗ ಹಿಡಸಂಗಿಲ್ರಿ," ಎಂದಳು ಅವ್ವ ಚಹಾದ ಕಪ್ಪು ಇಡುತ್ತ. "ಒಂದ ಎಮ್ಮಿ ಬಂದ್ರ ನಾವು ಹೊಸ್ತಿಲ ಏರಿ ನಿಂದರ್ತೇವಿ."

ಸಭೆ ಮೂರು ಸಂಜೆ ನಡೆಯಿತೋ ಎಂಟು ಸಂಜೆಯೋ ತಿಳಿಯದು. ಯಾರೂ ಕುದುರೆಯಿಂದ ಇಳಿಯಲಿಲ್ಲ. ಪೇಪರು ಎರಡು ಬರತೊಡಗಿದವು. ಆಗ ಅಪ್ಪ ಎದ್ದು ನಿಂತು, ಕಚೇರಿಯಲ್ಲಿ ಮಾತಾಡುವ ದನಿಯಲ್ಲಿ ಹೇಳಿದ:

"ದೇಶದ ಹೆಸರ ಇಡೂಣ್ರಿ. ದೇಶಕ್ಕ ಕುದರಿ ಇಲ್ಲ. ರಾಷ್ಟ್ರೀಯ ಏಕತಾ ಮಾರ್ಗ."

ಬೇಡ ಎನ್ನುವುದು ಹೇಗೆ? ದೇಶ ಬೇಡವೇ ಎಂದು ಯಾರಾದರೂ ಕೇಳಿದರೆ? ಬೇಕೆಂದು ಯಾರೂ ಕೇಳಿರದ, ಬೇಡವೆನ್ನಲು ಯಾರಿಗೂ ಬಾರದ ಹೆಸರು ಅದು. ತಾನಾಜಿ ಕಾಕಾ ಮಾಸ್ತರರ ಮುಖ ನೋಡಿದ, ಮಾಸ್ತರರು ಕಾಕಾನ ಮುಖ ನೋಡಿದರು, ತಮ್ಮದಾಗದಿದ್ದರೂ ಎದುರಿನವನದೂ ಆಗಲಿಲ್ಲವೆಂಬ ಸಮಾಧಾನದಲ್ಲಿ ಇಬ್ಬರೂ ತಲೆಯಾಡಿಸಿದರು. ಅಂದು ಅಪ್ಪ ಓಣಿಯಲ್ಲಿ ದೊಡ್ಡ ಮನುಷ್ಯನಾದ. ನಾನು ಕಟ್ಟೆಯ ಮೇಲೆ ಅವನ ಪಕ್ಕದಲ್ಲಿ ಕುಳಿತು, ನಮ್ಮ ಮನೆಯಿಂದ ದಿಲ್ಲಿಗೆ ನೇರ ರಸ್ತೆ ಬಿದ್ದಿತೇನೋ ಎಂಬಂತೆ ಉಬ್ಬಿಹೋಗಿದ್ದೆ. ಕುರಿಯ ಹೆಸರನ್ನು ಯಾರೂ ಎತ್ತಲಿಲ್ಲ. ಅದನ್ನು ಯಾರೂ ಹೆಸರೆಂದು ಎಣಿಸಿರಲಿಲ್ಲ.

ಎಣಿಸಿದವಳು ಪಂಚಮಿಗೆ ಬಂದಳು. ನಮ್ಮ ನಡುಮನೆಯಲ್ಲಿ ತೊಲೆಗೆ ಜೋಕಾಲಿ ಕಟ್ಟಿತ್ತು, ಅಳ್ಳು ಹುರಿದ ವಾಸನೆ ಇತ್ತು, ತಾಟಿನಲ್ಲಿ ತಂಬಿಟ್ಟು. ಅಪ್ಪ ಸಂಭ್ರಮದಿಂದ ಅಕ್ಕನಿಗೆ ಹಲಗೆಯ ಸುದ್ದಿ ಹೇಳಿದ. ಅತ್ತಿ ಉಂಡೆ ಮುರಿಯುತ್ತಿದ್ದ ಕೈ ನಿಲ್ಲಿಸಿದಳು.

"ಏಕತಾ ಅಂದ್ರ ಏನೋ ಸಿದ್ಯಾ?"

"ಎಲ್ಲಾರೂ ಒಂದ ಅಂತ, ಅಕ್ಕಾ. ದೇಶ ಎಲ್ಲಾ ಒಂದ."

"ಅದು ಖರೇನ. ಅದಕ್ಕ ನನ್ನ ಕುರಿ ಏನ ಅಡ್ಡ ಬಂದ್ವು?"

"ಕುರಿ ಈಗ ಎಲ್ಲಿ ಅದಾವ? ಕಚೇರ್ಯಾಗ ಮಂದಿ ನಗತಾರ ಅಕ್ಕಾ. ಬ್ಯಾ ಅಂತಾರ."

"ನಗವಲ್ರ್ಯಾಕ. ಅವರೇನ ನಿನಗ ಹಾಲ ಕುಡಸ್ಯಾರೇನು? ಕುರಿ ಹಾಲ ಕುಡದ ಬೆಳದಾವ ನೀ. ಈ ಊರಾಗ ನಂದಂತ ಒಂದ ಗೇಣ ಜಾಗಾ ಇಲ್ಲ. ಮನಿ ನಿಂದು, ಇರಲಿ. ಗಂಡನ ಮನಿ ಖಾನಾಪುರದಾಗ, ಇರಲಿ. ಬೋಳದ ಹೆಸರ ಒಂದ ನಂದಿತ್ತು."

"ಹಂಗಲ್ಲಕ್ಕಾ..."

"ಹಂಗ ಐತಿ. ಆ ಪಾಟಿ ಗ್ವಾಡಿ ಏರಿದ ದಿನದಿಂದ ಈ ಹೊಸ್ತಿಲ ನನಗಲ್ಲ. ಬೀರಪ್ಪ ದೇವರ ಆಣಿ."

ಜೋಕಾಲಿ ಆಡದೆಯೇ, ಅವ್ವ ಕೊಟ್ಟ ಕುಪ್ಪಸದ ಖಣವನ್ನೂ ಮುಟ್ಟದೆ ಅವಳು ಸಂಜೆಯ ಪ್ಯಾಸೆಂಜರಿಗೆ ಹೊರಟುಹೋದಳು. ತವರಿನ ಖಣ ಬಿಟ್ಟು ಹೋಗುವುದೆಂದರೆ ಏನೆಂದು ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ವಿವರಿಸಬೇಕಿಲ್ಲ. ಆ ಖಣ ದೇವರ ಗೂಡಿನ ಪಕ್ಕದ ಮೊಳೆಗೆ ತೂಗುಬಿದ್ದಿತು. ಅವ್ವ ಅದನ್ನು ತೆಗೆದಿಡಲಿಲ್ಲ, ಅಪ್ಪ ತೆಗೆ ಎನ್ನಲಿಲ್ಲ. ದೀಪಾವಳಿಗೆ ಅತ್ತಿ ಬರಲಿಲ್ಲ. ಆರತಿಗೆ ಕೂರಬೇಕಾದ ಅಪ್ಪ ಮಣೆಯನ್ನು ಗೋಡೆಗೆ ಒರಗಿಸಿ ಪೇಪರು ಹಿಡಿದು ಕುಳಿತ. ಹಾಳೆ ತಿರುಗಿಸಿದ ಸದ್ದು ಕೇಳಲಿಲ್ಲ. ಹಲಗೆ ಬಣ್ಣ ಹೊಡೆಸಿಕೊಂಡು ತಯಾರಾಗಿದೆಯೆಂದು ವಾರ್ಡಿನ ಮೆಂಬರ್ ಸಾಹೇಬರು ಹೇಳಿಕಳಿಸಿದರು. ಅಪ್ಪ ಹಟ ಬಿಡಲಾರ, ಬಿಟ್ಟರೂ ಈಗ ಅದು ಅವನ ಕೈಯಲ್ಲಿಲ್ಲ. ಹಲಗೆ ಏರಿದರೆ ಅಕ್ಕ ಹೋದಳು. ಒಂಬತ್ತು ವರ್ಷದ ನನಗೂ ಇದು ಗೊತ್ತಿತ್ತು.

ದಾರಿ ತೆಗೆದವಳು ಅವ್ವ. ಸಂಕ್ರಾಂತಿಯ ಮರುದಿನ ಎಳ್ಳುಬೆಲ್ಲದ ಡಬ್ಬಿ ಮುಚ್ಚುತ್ತ, ಏನೋ ಸಹಜ ಮಾತೆಂಬಂತೆ ಕೇಳಿದಳು:

"ರೀ, ನಮ್ಮಲ್ಲಿ ಕೂಸಿಗೆ ಹೆಸರ ಇಡಾವ್ರು ಯಾರು?"

"ಸೋದರತ್ತಿ. ಯಾಕ?"

"ಓಣಿಗೆ ಹೆಸರ ಇಡಾಕತ್ತೀರಿ. ಸೋದರತ್ತಿ ಎಲ್ಲಿ?"

ಅಪ್ಪ ತಮಾಷೆಯೆಂದು ನಕ್ಕ. ಅವ್ವ ನಗಲಿಲ್ಲ.

"ಬೋಳದಾಗ ತೊಟ್ಟಿಲ ಕಟ್ಟೂಣು. ಒಳಗಲ್ಲ, ಹೊರಗ. ಅಕ್ಕಾರ ಹೊಸ್ತಿಲ ತುಳಿಯೂದ ಬ್ಯಾಡ. ಪಾಟಿ ಮ್ಯಾಲಿನ ಮುಸಕ ತಗಿಯೂಕಿಂತ ಮದಲ ಹೆಸರ ಇಡಲಿ. ತಮ್ಮ ಹೋಗಿ ಖಣ ಕೊಟ್ಟು ಕರದ್ರ ಹೆಸರ ಇಡಾಕ ಬರಲಾರದಂಥಾ ಅತ್ತಿ ಈ ಮುಲಕದಾಗ ಹುಟ್ಟಿಲ್ಲ."

ನಮ್ಮ ಕಡೆಯ ತೊಟ್ಟಿಲ ಶಾಸ್ತ್ರ ಬಲ್ಲವರಿಗೆ ಅವ್ವನ ಮಾತಿನ ಬಲ ಗೊತ್ತು. ಕೂಸಿನ ಹೆಸರು ಅಪ್ಪನೇ ಯೋಚಿಸಿರಲಿ, ಸ್ವಾಮಿಗಳೇ ಸೂಚಿಸಿರಲಿ, ಸೋದರತ್ತಿ ಬಾಗಿ ಕಿವಿಯಲ್ಲಿ ಕುರ್ರ್ ಎಂದು ಊದಿ ಹೇಳುವ ತನಕ ಅದು ಹೆಸರಲ್ಲ. ಅವಳು ಬಾಗಿದಾಗ ಉಳಿದ ಹೆಂಗಸರು ಅವಳ ಬೆನ್ನಿಗೆ ಗುದ್ದುತ್ತಾರೆ, ಬೇಗ ಹೇಳೆಂದು. ಅವಳು ಎದ್ದು ಎಲ್ಲರ ಮುಂದೆ ಹೇಳುವವರೆಗೆ ಯಾರೂ ಕೂಸನ್ನು ಕರೆಯುವಂತಿಲ್ಲ. ಕರೆಯಲು ಬಂದಾಗ ಅತ್ತಿ ಒಲ್ಲೆ ಎಂದರೆ ಅದು ಕೂಸಿಗೆ ಕೇಡು. ಇನ್ನು, ಇಲ್ಲಿ ಕೂಸು ಯಾವುದು ಎಂಬ ಪ್ರಶ್ನೆಯೇ ಇರಲಿಲ್ಲ. ನಮ್ಮಲ್ಲಿ ನಿಜವಾದ ಕೂಸಿಗಿಂತ ಮೊದಲು ಒರಳಿನ ಗುಂಡುಕಲ್ಲಿಗೆ ಕೂಸಿನ ತಲೆಯ ಕುಂಚಿಗೆ ತೊಡಿಸಿ ತೊಟ್ಟಿಲಿಗೆ ಹಾಕಿ ತೂಗುವ ವಾಡಿಕೆ. ಕಲ್ಲಿಗೆ ಆಗುವುದು ಓಣಿಗೆ ಯಾಕಾಗಬಾರದು?

ಖಾನಾಪುರಕ್ಕೆ ಅಪ್ಪ ನನ್ನನ್ನೂ ಕರೆದುಕೊಂಡು ಹೋದ. ಧೈರ್ಯಕ್ಕೆ ಎಂದು ಈಗ ಅನಿಸುತ್ತದೆ. ಮೊಳೆಗೆ ತೂಗುಬಿದ್ದ ಅದೇ ಖಣ, ತೆಂಗಿನಕಾಯಿ, ಒಂದು ಡಬ್ಬಿ ಕುಂದಾ ನನ್ನ ತೊಡೆಯ ಮೇಲೆ. ದೇಸೂರ ಸ್ಟೇಷನ್ನಿನಲ್ಲಿ ಗಾಡಿ ನಿಂತಾಗ ಅಪ್ಪ ಕಿಟಕಿಯಿಂದ ಬಯಲಿನತ್ತ ಕೈ ತೋರಿಸಿದ. ಅಲ್ಲಿ ಕುರಿಗಳಿದ್ದವೇ? ನನ್ನ ನೆನಪಿನ ಚಿತ್ರದಲ್ಲಿ ಇವೆ, ಬೇಕಾದಷ್ಟಿವೆ. ನಾನೇ ಆಮೇಲೆ ಅಲ್ಲಿ ಬಿಟ್ಟಿರಬಹುದು. ಅತ್ತಿಯ ಮನೆ ಹಂಚಿನ ಕಾರ್ಖಾನೆಯ ಹಿಂದೆ. ಅಲ್ಲಿ ನೆರೆಹೊರೆಯೆಲ್ಲ ಮರಾಠಿ. ಅತ್ತಿ ಕೋಳಿಗಳನ್ನು ಮರಾಠಿಯಲ್ಲಿ ಬೈಯುತ್ತ, ದೇವರಿಗೆ ಕನ್ನಡದಲ್ಲಿ ಬೇಡಿಕೊಳ್ಳುತ್ತ ಆರಾಮವಾಗಿದ್ದಳು. ನಮ್ಮನ್ನು ಕಂಡು ಮುಖ ತಿರುಗಿಸಿದವಳು ಅಪ್ಪನ ಕೈಯಲ್ಲಿದ್ದ ಖಣ ಕಂಡು ತಿರುಗಿ ನೋಡಿದಳು.

"ಯಾರ ಹಡದಾರ?"

"ಮುನ್ಸಿಪಾಲ್ಟಿ," ಎಂದ ಅಪ್ಪ.

"ಏನಂದಿ?"

"ಬಸರಾಗಿ ಭಾಳ ದಿನ ಆಗಿತ್ತಕ್ಕಾ, ಈಗ ಹಡದತಿ. ಝಂಡಾ ದಿನ ತೊಟ್ಟಿಲ. ಓಣಿಗೆ ಹೆಸರ ಇಡೂದೈತಿ. ಸೋದರತ್ತಿ ಬೇಕು. ಬೋಳಕ್ಕ ನೀ ಅಲ್ಲದ ಮತ್ಯಾರ ಅತ್ತಿ?"

ಅತ್ತಿ ನಗಬಾರದೆಂದು ಎಷ್ಟು ಬಿಗಿಹಿಡಿದಳೆಂದರೆ ಅವಳ ಗಲ್ಲ ನಡುಗಿತು. ಕೊನೆಗೆ ಸೆರಗು ಬಾಯಿಗೆ ಒತ್ತಿಕೊಂಡು ಅಂಗಳದ ಕಡೆ ತಿರುಗಿದಳು. ಮತ್ತೆ ಈಚೆ ತಿರುಗಿದಾಗ ನಗು ಇರಲಿಲ್ಲ.

"ಇದು ರತ್ನಿ ಬುದ್ಧಿ. ನಿನಗ ಇಷ್ಟ ಹೊಳಿಯೂದಲ್ಲ."

"ಹೌದು, ಆಕಿದ."

"ಬರ್ತೇನಿ. ಒಂದ ಮಾತ. ಕಿವ್ಯಾಗ ನಾ ಹೇಳಿದ್ದ ಹೆಸರ. ನಾ ಹೇಳಿದ ಮ್ಯಾಲ ಅದನ್ನ ಮದಲ ನೀ ಕರೀಬೇಕು. ಒದರಿ ಕರೀಬೇಕು, ನಿನ್ನ ಕಚೇರಿ ಮಂದಿ ಮುಂದ."

ಅಪ್ಪ ಖಣದ ಅಂಚನ್ನು ಮಡಚಿದ, ಬಿಡಿಸಿದ, ಮತ್ತೆ ಮಡಚಿದ. "ಹೂಂ," ಎಂದ. ಅತ್ತಿ ಕೈ ಚಾಚಿ ಖಣ ತೆಗೆದುಕೊಂಡಳು, ಕಣ್ಣಿಗೆ ಒತ್ತಿಕೊಂಡಳು, ಆದರೆ ಬೋಳಕ್ಕೆ ಏನು ಹೆಸರಿಡುತ್ತಾಳೆಂದು ಹೇಳಲಿಲ್ಲ. ನಾನು ಎಷ್ಟು ಕಾಡಿದರೂ ಹೇಳಲಿಲ್ಲ. ಮರಳುವ ಗಾಡಿಯಲ್ಲಿ ನನಗೆ ಕೂರಲಾಗುತ್ತಿರಲಿಲ್ಲ. ಹಲಗೆಯ ಮೇಲಿನ ಹೆಸರು ಆಗಲೇ ಬಣ್ಣದಲ್ಲಿ ಒಣಗಿದೆ, ಅತ್ತಿಯ ಬಾಯಲ್ಲಿ ಬೇರೆಯದೇ ಇದೆ, ಎರಡರ ನಡುವೆ ಅಪ್ಪ. ಏನಾಗುತ್ತದೆ? ಗಾಡಿ ಇನ್ನೂ ಜೋರಾಗಿ ಓಡಿ ಆ ದಿನವನ್ನು ಹತ್ತಿರ ತರಲಿ ಎನ್ನಿಸುತ್ತಿತ್ತು.

ಆ ದಿನ ಬೆಳಗ್ಗೆ ಓಣಿಯ ಎರಡೂ ಕಡೆ ಹೆಂಗಸರು ನೆಲ ಸಾರಿಸಿ ರಂಗೋಲಿ ಹಾಕಿದ್ದರು. ನಮ್ಮ ಮನೆಯ ಮಾಡಿನ ತೊಲೆಗೂ ತಾನಾಜಿ ಕಾಕಾನ ಮನೆಯ ತೊಲೆಗೂ ನಡುವೆ ಬಿದಿರಿನ ಗಳ ಹಾಯಿಸಿ ತೊಟ್ಟಿಲು ಕಟ್ಟಿದ್ದಾಯಿತು. ಒಂದು ಹಗ್ಗ ಅವರದು, ಒಂದು ನಮ್ಮದು. ಗಂಟು ಹಾಕಿದವರು ಮಲ್ಲಪ್ಪ ಮಾಸ್ತರರು, ಗಂಟು ಸರಿಯಿಲ್ಲವೆಂದು ಬಿಚ್ಚಿ ಕಟ್ಟಿದವನು ಕಾಕಾ. ಗೋಡೆಯ ಮೇಲೆ ಹಲಗೆ ಮೂರು ಬಣ್ಣದ ಬಟ್ಟೆಯ ಮುಸುಕಿನಲ್ಲಿ ಕಾಯುತ್ತಿತ್ತು. ಅತ್ತಿ ಬೆಳಗಿನ ಗಾಡಿಗೆ ಬಂದಳು, ಹಸಿರು ಸೀರೆ, ಹೊಸ ಖಣದ ಕುಪ್ಪಸ, ಹಣೆ ತುಂಬ ಅರಿಸಿನದ ಭಂಡಾರ. ಹೊಸ್ತಿಲಿನತ್ತ ನೋಡದೆ ಹೊರಗಿನ ಕಟ್ಟೆಯ ಮೇಲೆ ಕುಳಿತಳು. ಕುಳಿತದ್ದೇ ತಡ, ಕಾಕಾ ಚಹಾ ತಂದ.

"ನಾಗವ್ವಬಾಯಿ, ನೀವು ಖಾನಾಪುರದಾಗ ನಮ್ಮ ಮಂದಿ ನಡಕ ಇರ್ತೀರಿ. ರಾಜರು ನೆನಪ ಇರಲಿ," ಎಂದ ಮೆಲ್ಲಗೆ.

ಅವನು ಆಚೆ ಹೋಗುತ್ತಲೇ ಮಾಸ್ತರರು ಅವಲಕ್ಕಿ ತಂದರು.

"ಯವ್ವಾ, ನೀವು ಕನ್ನಡದ ಹೆಣಮಗಳು. ರಾಣಿ ನಿಮ್ಮಂಗ ಗಟ್ಟಿಗಿತ್ತಿ. ತಿಳೀತಲ್ಲ?"

ಅತ್ತಿ ಚಹಾ ಕುಡಿದಳು, ಅವಲಕ್ಕಿ ತಿಂದಳು, ಇಬ್ಬರಿಗೂ ಹೂಂ ಎಂದಳು. ಅಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಅತ್ತಿಂದಿತ್ತ ಓಡಾಡುತ್ತಿದ್ದ. ಕಚೇರಿಯವರೂ ಬಂದಿದ್ದರು, ಆ ಹೆಡ್ ಕ್ಲಾರ್ಕೂ ಬಂದಿದ್ದರು. ಮೈಕು ಕಿರುಗುಟ್ಟಿತು. ಮೆಂಬರ್ ಸಾಹೇಬರು ಬಂದು ಮುಸುಕಿನ ಹಗ್ಗಕ್ಕೆ ಕೈ ಹಾಕಬೇಕು, ಅಷ್ಟರಲ್ಲಿ ಅಡ್ಡ ತೂಗುತ್ತಿದ್ದ ತೊಟ್ಟಿಲು ಕಂಡರು.

"ಇದೇನ್ರಿ ಪಾ ಇದು? ಯಾರ ಕೂಸು?"

"ನಿಮ್ದ ಸಾಹೇಬ್ರ," ಎಂದಳು ಅವ್ವ. ಹೆಂಗಸರೆಲ್ಲ ಘೊಳ್ಳೆಂದರು. "ಹಗ್ಗಾ ಜಗ್ಗಬ್ಯಾಡ್ರಿ. ಇನ್ನ ಹೆಸರ ಇಟ್ಟಿಲ್ಲ."

ಕುಂಚಿಗೆ ತೊಟ್ಟ ಗುಂಡುಕಲ್ಲು ತೊಟ್ಟಿಲಿನ ಮೇಲಿಂದ ಕೆಳಗಿಂದ ಕೈಯಿಂದ ಕೈಗೆ ದಾಟಿತು. ಒಬ್ಬಳು ಕನ್ನಡದಲ್ಲಿ ತಗೋ ಎಂದರೆ ಎದುರಿನವಳು ಮರಾಠಿಯಲ್ಲಿ ಕೊಡು ಎಂದಳು; ಒಬ್ಬರಿಗೂ ಇನ್ನೊಬ್ಬರು ಏನೆಂದರೆಂದು ಕೇಳುವ ಅಗತ್ಯ ಬರಲಿಲ್ಲ. ಕಲ್ಲು ಮಲಗಿತು. ಅತ್ತಿ ಬಾಗಿದಳು. ಕುರ್ರ್ ಎಂದಳು. ಆಮೇಲಿನದು ಯಾರಿಗೂ ಕೇಳಲಿಲ್ಲ, ಯಾಕೆಂದರೆ ಓಣಿಯ ಹೆಂಗಸರೆಲ್ಲ ಒಮ್ಮೆಲೇ ಅವಳ ಬೆನ್ನ ಮೇಲೆ ಬಿದ್ದಿದ್ದರು. ಗುದ್ದು, ನಗು, ಬಳೆಯ ಸದ್ದು. ನಾನೂ ನುಗ್ಗಿ ಒಂದು ಗುದ್ದಿದೆ. ಕಾಕಾನ ಹೆಂಡತಿ ಸುಮನ ಕಾಕು ಗುದ್ದಿದ ರಭಸಕ್ಕೆ ಅತ್ತಿ, "ಏ ಭವಾನಿ, ಬೆನ್ನ ಐತಿದು, ಡೋಲ ಅಲ್ಲ!" ಎಂದು ಒದರಿದಳು. ಈ ಗದ್ದಲದಲ್ಲಿ ಮುಗಿಯಿತೆಂದುಕೊಂಡು ಮೆಂಬರ್ ಸಾಹೇಬರು ಹಗ್ಗ ಎಳೆದೇಬಿಟ್ಟರು. ಮುಸುಕು ಜಾರಿತು.

"ಏನ ಬರದೈತಿ, ಓದ ಶೋಭಿ," ಎಂದಳು ಅತ್ತಿ ಬೆನ್ನು ನೆಟ್ಟಗೆ ಮಾಡುತ್ತ. ಅವಳಿಗೆ ಓದು ಬರುತ್ತಿರಲಿಲ್ಲ.

"ರಾಷ್ಟ್ರೀಯ ಏಕತಾ ಮಾರ್ಗ," ಎಂದು ಓದಿದೆ.

"ಎಲ್ಲಾರೂ ಜೋರಾಗಿ ಅನ್ರಿ, ಏಕತಾ ಮಾರ್ಗ!" ಎಂದರು ಸಾಹೇಬರು ಮೈಕಿನಲ್ಲಿ.

ಒಂದು ದನಿಯೂ ಏಳಲಿಲ್ಲ. ಸಾಹೇಬರು ಮತ್ತೊಮ್ಮೆ ಕೂಗಿದರು. ಮೈಕು ಕೆಟ್ಟಿದೆಯೇನೋ ಎಂದು ಬೆರಳಿನಿಂದ ಬಡಿದರು. ಯಾರಿಗೂ ದೇಶದ ಮೇಲೆ ಸಿಟ್ಟಿರಲಿಲ್ಲ, ಸಾಹೇಬರ ಮೇಲೂ ಇರಲಿಲ್ಲ. ಅತ್ತಿ ಇನ್ನೂ ಹೇಳಿರಲಿಲ್ಲ, ಅಷ್ಟೇ. ಸೋದರತ್ತಿ ಹೇಳುವ ಮೊದಲು ಕೂಸನ್ನು ಕರೆಯಲು ಆ ಓಣಿಯಲ್ಲಿ ಒಂದು ನಾಲಿಗೆಯೂ ಏಳಲಾರದು. ಎಲ್ಲರೂ ಅವಳ ಮುಖ ನೋಡುತ್ತಿದ್ದರು, ಅವಳು ಅಪ್ಪನ ಮುಖ ನೋಡುತ್ತಿದ್ದಳು. ಅವನು ಸಾಹೇಬರತ್ತ ಕೈಮುಗಿದ.

"ಸಾಹೇಬ್ರ, ಒಂದ ನಿಮಿಷ. ನಮ್ಮಲ್ಲಿ ಈ ಹಕ್ಕ ಅಕ್ಕಂದು." ಆಮೇಲೆ ಅವಳತ್ತ ತಿರುಗಿ, "ಹೇಳಕ್ಕಾ. ಏನ ಇಟ್ಟಿ?"

"ಕುರಿ ಬೋಳ," ಎಂದಳು ಅತ್ತಿ. ಕೂಗಲಿಲ್ಲ. ತಮ್ಮನೊಬ್ಬನಿಗೇ ಹೇಳಿದಳು.

ಇಲ್ಲಿ ನಾನು ಎಚ್ಚರದಿಂದ ಬರೆಯಬೇಕು. ಅಪ್ಪ ಹೆಡ್ ಕ್ಲಾರ್ಕಿನ ಕಣ್ಣಲ್ಲಿ ಕಣ್ಣಿಟ್ಟು, ಎದೆ ಸೆಟೆಸಿ, ಕಚೇರಿಯ ಹಂಚು ಹಾರುವಂತೆ ಕೂಗಿದ ಎಂದು ಬಹಳ ವರ್ಷ ನನ್ನ ನೆನಪು ಹೇಳುತ್ತಿತ್ತು. ಅವನು ಕಣ್ಣು ಮುಚ್ಚಿಕೊಂಡಿದ್ದ ಎನ್ನುತ್ತಿದ್ದಳು ಅವ್ವ. ಅವನ ದನಿ ಮೊದಲು ಹೊರಡಲೇ ಇಲ್ಲ, ಕೆಮ್ಮಿ ಮತ್ತೆ ಕರೆದ ಎನ್ನುತ್ತಾನೆ ತಮ್ಮ. ಅವ್ವನದೂ ತಮ್ಮನದೂ ನಿಜವಿರಬೇಕು. ನನ್ನದು ಒಂಬತ್ತು ವರ್ಷದ ಮಗಳಿಗೆ ಬೇಕಾಗಿದ್ದ ಅಪ್ಪ. ಆದರೆ ಕರೆದ ಎಂಬುದರಲ್ಲಿ ಮೂವರಿಗೂ ಅನುಮಾನವಿಲ್ಲ.

"ಕುರಿ ಬೋಳ!"

ಆಮೇಲೆ ಓಣಿಯೇ ಒಡೆದು ಹೊರಬಂತು. ಮಾಸ್ತರರು ಕುರಿ ಬೋಳ ಎಂದರು, ಕಾಕಾ ಮೆಂಢ್ಯಾಂಚಾ ಬೋಳ ಎಂದ, ಇಬ್ಬರೂ ಒಬ್ಬರಿಗಿಂತ ಒಬ್ಬರು ಜೋರಾಗಿ ಎನ್ನಲು ಹೋಗಿ ಇಬ್ಬರ ದನಿಯೂ ಒಡೆಯಿತು. ಹುಡುಗರು ಬ್ಯಾ ಬ್ಯಾ ಎಂದು ಕುಣಿದರು. ಹೆಡ್ ಕ್ಲಾರ್ಕೂ ಅಭ್ಯಾಸಬಲದಿಂದ ಬ್ಯಾ ಎಂದುಬಿಟ್ಟರು. ಅಂದು ಅದು ಅಣಕಿಸುವ ಸದ್ದಾಗಿ ಕೇಳಲಿಲ್ಲ, ಅವರೂ ನಮ್ಮ ಓಣಿಯವರೇ ಆದಂತೆ ಕೇಳಿತು. ಸುಮನ ಕಾಕು ಗುಗ್ಗರಿಯ ಪಾತ್ರೆ ಹೊತ್ತು ಬಂದಳು. ಸಾಹೇಬರು ಎರಡು ಹಿಡಿ ಗುಗ್ಗರಿ ತಿಂದು, ಮೈಕು ಕೈಗೆತ್ತಿಕೊಂಡು, ಕುರಿ ಬೋಳದ ಬಂಧುಗಳೇ, ರಾಷ್ಟ್ರೀಯ ಏಕತೆ ಎಂದರೆ ಎಂದು ಭಾಷಣ ಶುರು ಮಾಡಿದರು. ಯಾರಿಗೂ ಅದರಲ್ಲಿ ವಿರೋಧ ಕಾಣಲಿಲ್ಲ. ನನಗೆ ಇಂದಿಗೂ ಕಾಣುವುದಿಲ್ಲ. ನಾನು ಅರ್ಜಿಗಳಲ್ಲಿ ಏಕತಾ ಮಾರ್ಗ ಎಂದು ಬರೆದು, ಆಟೋದವನಿಗೆ ಕುರಿ ಬೋಳ ಎಂದು ಹೇಳಿ ಬೆಳೆದವಳು. ಒಂದು ನಾನು ಯಾವ ದೇಶದವಳೆಂದು ಹೇಳುತ್ತದೆ, ಇನ್ನೊಂದು ನನ್ನನ್ನು ಮನೆಗೆ ಮುಟ್ಟಿಸುತ್ತದೆ. ಒಂದರ ಮೇಲೊಂದನ್ನು ಅಂಟಿಸಲು ಹೊರಟ ದೊಡ್ಡವರನ್ನು ಮುಂದೆ ಎಷ್ಟೋ ಸಭೆಗಳಲ್ಲಿ ಕಂಡಾಗ, ನಿಮ್ಮ ಅಕ್ಕನನ್ನು ಕರೆದಿದ್ದೀರಾ ಎಂದು ಕೇಳಬೇಕೆನಿಸಿ ಸುಮ್ಮನಾಗಿದ್ದೇನೆ.

ಮಂದಿ ಚದುರಿದ ಮೇಲೆ ಅಪ್ಪ ಗೋಡೆಯ ಕೆಳಗೆ ನಿಂತು ಹಲಗೆಯನ್ನೇ ನೋಡುತ್ತಿದ್ದ. ಅತ್ತಿ ಇನ್ನೂ ಹೊರಗೇ ಇದ್ದಳು. ಹಲಗೆ ಏರಿಯಾಗಿತ್ತು; ಆಣೆ ಆಣೆಯೇ.

"ತಗಸೂಣೇನಕ್ಕಾ ಅದನ್ನ?" ಎಂದ ಅಪ್ಪ, ಸಣ್ಣ ದನಿಯಲ್ಲಿ.

"ಯಾಕ ತಗಸ್ತಿ? ಛಲೋ ತಗಡ ಐತಿ. ಮಳಿಗಾಲದಾಗ ಗ್ವಾಡಿಗೆ ಆಸರ ಆಗತೈತಿ."

"ಆದ್ರ ನಿನ್ನ ಆಣಿ?"

"ಬೋಳದ ಹೆಸರ ಬ್ಯಾರೆ ಆದ್ರ ಬರಂಗಿಲ್ಲ ಅಂತ ಆಣಿ. ಬೋಳದ ಹೆಸರ ನಾ ಇಟ್ಟೇನಿ, ನೀ ಕರದಿ. ಅದು ಗ್ವಾಡಿ ಹೆಸರ," ಎಂದು ಹೇಳಿ, ಬೀರಪ್ಪನಿಗೆ ಕೇಳಲೆಂದೋ ಏನೋ ಮೇಲೆ ಒಮ್ಮೆ ನೋಡಿ, ಸೀರೆಯ ನೆರಿಗೆ ಎತ್ತಿ ಹೊಸ್ತಿಲು ದಾಟಿದಳು. ದಾಟಿದವಳು ಕೂರಲಿಲ್ಲ; ನೇರ ಒಲೆಯ ಬಳಿಗೆ ಹೋಗಿ ಗುಗ್ಗರಿಯ ತಳ ಬಾಯಿಗೆ ಹಾಕಿಕೊಂಡು, "ಉಪ್ಪ ಕಮ್ಮಿ ಆತಲ್ಲ ರತ್ನಿ," ಎಂದಳು. ಅವ್ವ ನಗುತ್ತ ಕಣ್ಣೊರೆಸಿಕೊಂಡಳು. ಹೊಗೆಯಿಂದ ಇರಬಹುದು.

ಅಷ್ಟರಲ್ಲಿ ಬಾಗಿಲಲ್ಲಿ ಬಳೆಯ ಸದ್ದಾಯಿತು. ಪಕ್ಕದ ಬೋಳದ ಹೆಂಗಸರು, ಕಂಕುಳಲ್ಲಿ ಮಕ್ಕಳು, ಕೈಯಲ್ಲಿ ಖಣ, ಕಾಯಿ. ಅವರ ಓಣಿಗೂ ಸಾಹೇಬರು ಸಂಜೆ ಹಲಗೆ ಹಾಕುವವರಿದ್ದರು.

"ನಾಗವ್ವಬಾಯಿ ಅದಾರೇನ್ರಿ? ನಮ್ಮ ಬೋಳಕ್ಕ ಅತ್ತಿ ಯಾರೂ ಇಲ್ರಿ. ನೀವ ಬರಬೇಕು."

ಅತ್ತಿ ಸೆರಗು ಸೊಂಟಕ್ಕೆ ಸಿಕ್ಕಿಸಿ, ಒಳಗಿನಿಂದಲೇ ಅಪ್ಪನಿಗೆ ಕೂಗಿದಳು:

"ಸಿದ್ಯಾ, ತೊಟ್ಟಿಲ ಬಿಚ್ಚಬ್ಯಾಡೋ!"